ನಮ್ಮ ಮಾವನವರು ಕಾಯ್ದ ಗಡಿ

ಕಿರಿಯ ಸೈನಿಕರ ತರಬೇತಿ ಕೇಂದ್ರದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಕುಟುಂಬದ ಹಿನ್ನೆಲೆಯ ಬಗ್ಗೆ ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ನನ್ನ ಹದಿನಾರು ವರ್ಷದ ಮಗನನ್ನು ಏಕೆ ಮನೆಗೆ ಕಳಿಸಬಾರದು ಎಂದು ತಾವು ನೋಟಿಸು ಕೊಟ್ಟಿದ್ದೀರಿ. ಸುಳ್ಳು ನಮ್ಮದಲ್ಲ, ತಮ್ಮ ಇಲಾಖೆಯದೇ. ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಉತ್ತರವನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಹುಡುಗರ ಪೂರ್ವಾಪರ ವಿಚಾರಿಸಲು ತಾವು ಕಳಿಸಿದ ತನಿಖಾಧಿಕಾರಿ ಬಂದಾಗ ನಾನು ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದೆ. ನಡುಮನೆಯಲ್ಲಿ ಕಿವಿ ಮಂದವಾದ ನಮ್ಮ ಅತ್ತೆ ಒಬ್ಬರೇ. ಗೋಡೆಯ ಮೇಲೆ ತೀರಿಹೋದ ಮಾವನವರ ಫೋಟೊ: ಗಿರಿಜಾಮೀಸೆ, ಎರಡು ಸಾಲು ಹಿತ್ತಾಳೆ ಗುಂಡಿ, ಹೆಗಲ ಮೇಲೆ ಜರಿಯ ಕುಚ್ಚು, ಬೆನ್ನ ಹಿಂದೆ ಗಾಜಿನ ಬಾಗಿಲು. ಮಾವನವರು ದೊಡ್ಡ ಹೋಟೆಲೊಂದರಲ್ಲಿ ಬಾಗಿಲು ತೆಗೆಯುವ ಕೆಲಸದಲ್ಲಿದ್ದರು. ಅದು ಹೋಟೆಲಿನವರು ಕೊಟ್ಟ ಸಮವಸ್ತ್ರ. ತನಿಖಾಧಿಕಾರಿಗಳು ಅದನ್ನು ಕಂಡದ್ದೇ ತಡ, ಬೂಟು ಜೋಡಿಸಿ ಸೆಲ್ಯೂಟ್ ಹೊಡೆದರು. ಜೀವಮಾನವೆಲ್ಲ ಬಂದವರಿಗೆ ಸಲಾಮು ಹೊಡೆದ ಮಾವನವರಿಗೆ ಒಬ್ಬರಾದರೂ ತಿರುಗಿ ಹೊಡೆದದ್ದು ಅದೇ ಮೊದಲು. ಅದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ಆಮೇಲಿನದಕ್ಕೆ. ಎಲ್ಲಿ ಸೇವೆಯಲ್ಲಿದ್ದರು ಎಂದು ಅವರು ಗಟ್ಟಿಯಾಗಿ ಕೇಳಿದರು.

"ಬಾಗ್ಲು ಕಾಯ್ತಿದ್ರಪ್ಪ, ಮೂವತ್ತು ವರ್ಷ," ಎಂದರು ಅತ್ತೆ. "ಮಳೆ ಅಂದಿಲ್ಲ, ಬಿಸ್ಲು ಅಂದಿಲ್ಲ. ಸಂಬಂಧ ಇಲ್ದೋರನ್ನ ಒಬ್ರನ್ನೂ ಒಳಗೆ ಬಿಟ್ಟಿಲ್ಲ."

ತನಿಖಾಧಿಕಾರಿಗಳು ಗದ್ಗದಿತರಾಗಿ ಏನೋ ಗೀಚಿಕೊಂಡು ಹೊರಟರು. ಅವರು ಬರೆದದ್ದು 'ಗಡಿ ಕಾವಲು, ಮೂವತ್ತು ವರ್ಷ' ಎಂದು ನನಗೆ ತಿಳಿದದ್ದು ತಮ್ಮ ನೋಟಿಸಿನಿಂದ. ಗಡಿಯಲ್ಲಿ ಗಾಜಿನ ಬಾಗಿಲು ಇರುತ್ತದೆಯೇ ಎಂದು ಯಾರೂ ಕೇಳಬೇಡವೇ?

ಕಳೆದ ತಿಂಗಳು ತಾವು ಮುನ್ನೂರು ಹುಡುಗರನ್ನು ಮೈದಾನದಲ್ಲಿ ನಿಲ್ಲಿಸಿ, ತಾತನ ಸಾಹಸ ಹೇಳು ಎಂದು ನನ್ನ ಮಗನನ್ನು ಮುಂದಕ್ಕೆ ಕರೆದಿರಿ. ಅವನು ಕಕ್ಕಾಬಿಕ್ಕಿಯಾದರೂ ಇದ್ದದ್ದನ್ನೇ ಹೇಳಿದ. ತಾತ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಎರಡು ಪೆಟ್ಟಿಗೆ ಹಿಡಿದು ಓಡುತ್ತಿದ್ದರು. ಒಮ್ಮೆ ಗುರುತು ಸಿಗದೆ ಹೋಟೆಲಿನ ಮಾಲೀಕರನ್ನೇ ಆಚೆ ತಳ್ಳಿದ್ದರು. ಮುನ್ನೂರು ಹುಡುಗರೂ ನಕ್ಕರಂತೆ. ತಾವು ನಗಲಿಲ್ಲ, ನೋಟಿಸು ಬರೆಸಿದಿರಿ. ಒಂದು ಯುದ್ಧ ಕಟ್ಟಿ ಹೇಳಿದ್ದರೆ ಪದಕವನ್ನೇ ಕೊಡುತ್ತಿದ್ದಿರೇನೋ. ತೀರ್ಮಾನವಾಗುವವರೆಗೆ ಅವನನ್ನು ಉಗ್ರಾಣದ ಬಾಗಿಲಿಗೆ ನಿಲ್ಲಿಸಿದ್ದೀರಂತೆ. ಅಂತೂ ಮನೆತನದ ಕಸುಬು ಕೈಬಿಡಲಿಲ್ಲ.

ಹಿನ್ನೆಲೆ ಬೇಕಿದ್ದರೆ ಹುಡುಗರನ್ನೇ ಕೇಳಬಾರದೇ? ಮಗನ ಪಕ್ಕದಲ್ಲಿ ಮಲಗುವವನ ಮನೆಯಲ್ಲಿ ಐವರು ಅಕ್ಕಂದಿರು, ಒಂದೇ ಬಚ್ಚಲು. ಅವನಾಚೆಯವನು ಬೀಜಗಣಿತಕ್ಕೆ ಬೆನ್ನು ತೋರಿಸಿ ಓಡಿಬಂದ ವೀರ. ನನ್ನವನು ಮನೆಯಲ್ಲಿದ್ದಷ್ಟು ದಿನ ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಲಗುತ್ತಿದ್ದ. ಯಾಕೋ ಹೋಗ್ತೀಯ ಎಂದು ಹೊರಡುವ ದಿನ ಕೇಳಿದೆ.

"ಅಲ್ಲಿ ನಂಗೇ ಅಂತ ಒಂದು ಮಂಚ ಕೊಡ್ತಾರಂತಮ್ಮ," ಅಂದ.

ಅವತ್ತು ನಾನು ಕತ್ತರಿಸಿದ ಅಂಗಿಗೆ ಎರಡೂ ತೋಳು ಎಡಗಡೆಯವೇ ಆದವು.

ಆದ್ದರಿಂದ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಕಡತದಲ್ಲಿ ಗಡಿಯನ್ನು ಹೊಡೆದುಹಾಕಿ, ಹುಡುಗ ಮುನ್ನೂರು ಜನರೆದುರು ನಿಜ ಹೇಳಿದ ಎಂದು ಬರೆಯಿರಿ. ಅಂಥವನು ಸೈನ್ಯಕ್ಕೆ ಬೇಕೋ ಬೇಡವೋ, ಆಮೇಲೆ ತಾವೇ ಹೇಳಿ.

ಇಂತಿ,
ಉತ್ತರ ನಾಲ್ಕು ಪ್ರತಿಯಲ್ಲಿರಬೇಕೆಂಬ ತಮ್ಮ ನೋಟಿಸಿನಂತೆ ಇದನ್ನೇ ಇನ್ನೂ ಮೂರು ಪ್ರತಿ ಬರೆಯಬೇಕಾಗಿರುವ,
ದರ್ಜಿ ಕೆಲಸದ ತಾಯಿ