ನೀಲಿ ತೇಪೆಯ ಹಾಯಿ

ಲೂಬೆಕ್, ಮೇನ್ ಕರಾವಳಿ
ಅಕ್ಟೋಬರ್ 9, 1814

ಇಂಗ್ಲೆಂಡಿನ ರಾಜನ ಹೊಸ ಪ್ರಜೆ ಓಬೆಡ್ ಅವರಿಗೆ ಹೆಂಡತಿ ಕೆಜಿಯಾಳ ವಂದನೆಗಳು.

ಮೊಟ್ಟೆ ಮಾರುವವಳ ಬುಟ್ಟಿಯಲ್ಲಿ ನಿಮ್ಮ ಕಾಗದ ಬಂತು. ತಿಂಗಳ ಕೊನೆಯೊಳಗೆ ನಾನು ನಮ್ಮ ದ್ವೀಪಕ್ಕೆ ಮರಳಿ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡದಿದ್ದರೆ ಅಲ್ಲಿರುವ ನನ್ನ ಅಪ್ಪನ ಮನೆ ಬ್ರಿಟಿಷರ ಪಾಲಾಗುತ್ತದೆ ಎಂದು ಬರೆದಿದ್ದೀರಿ. ಆಗಲಿ. ಜುಲೈಯಲ್ಲಿ ಬ್ರಿಟಿಷರು ಬಂದು ನಮ್ಮ ಕೋಟೆಯ ಮೇಲೆ ತಮ್ಮ ಬಾವುಟ ಏರಿಸಿದ ವಾರವೇ ನೀವು ಬೈಬಲ್ ಮೇಲೆ ಕೈಯಿಟ್ಟಿರಿ. ನಾನು ಕೌದಿ, ಬಾಣಲೆ ಹೊತ್ತು ಈ ದಡಕ್ಕೆ ಬಂದೆ. ಇಬ್ಬರೂ ಅಂದೇ ತೀರ್ಮಾನ ಮಾಡಿದ್ದಾಗಿದೆ.

ಸೈಲಸ್ ನೆನಪಿದ್ದಾನೆಯೇ? ನನ್ನ ತಮ್ಮನನ್ನು ನಮ್ಮದೇ ಹಡಗಿನಿಂದ ಎಳೆದೊಯ್ದು ತಮ್ಮ ನೌಕಾಪಡೆಯ ಚಾಕರಿಗೆ ಹಾಕಿಕೊಂಡವರು ಇದೇ ಜನ. ‘ನಾನು ಅಮೆರಿಕದವನು’ ಎಂದು ಅವನು ಕೂಗಿದರೆ, ‘ನಿಮ್ಮಪ್ಪ ಹುಟ್ಟಿದ್ದು ನಮ್ಮ ರಾಜನ ಕೆಳಗೇ ಅಲ್ವೇನೋ’ ಎಂದು ನಕ್ಕರಂತೆ. ಆ ಸುದ್ದಿ ತಂದವರು ನೀವೇ. ಅಂದು ಸಿಟ್ಟಿಗೆ ಗೋಡೆ ಗುದ್ದಿ ಬೆರಳು ಮುರಿದುಕೊಂಡವರೂ ನೀವೇ.

ನಿಮ್ಮ ವಾದ ನನಗೆ ಬಾಯಿಪಾಠ. ‘ವಾಷಿಂಗ್ಟನ್‌ನೋರು ನಮಗೇನ್ ಮಾಡಿದ್ರು ಕೆಜೀ? ವ್ಯಾಪಾರ ನಿಲ್ಸಿದ್ರೆ ಇಂಗ್ಲೆಂಡು ಕಾಲಿಗೆ ಬೀಳುತ್ತೆ ಅಂತ ಬಂದರಿಗೆ ಬೀಗ ಜಡಿದ್ರು. ಇಂಗ್ಲೆಂಡು ಬೀಳ್ಲಿಲ್ಲ, ನಮ್ ಮೀನು ಕೊಳೀತು. ಗಾಳಿ ಬಂದಾಗ ತೂರ್ಕೋಬೇಕು.’ ಸುಳ್ಳಲ್ಲ. ಆ ಕೊಳೆತ ವಾಸನೆ ನನ್ನ ಮೂಗಲ್ಲೂ ಇದೆ. ಆದರೆ ಹೊಟ್ಟೆಪಾಡಿಗೆ ಮೀನು ಹಿಡಿಯುವುದು ಬೇರೆ, ಸೈಲಸ್‌ನನ್ನು ಕದ್ದವರ ಹಡಗಿಗೆ ಮಾಂಸ ಹೊರುವುದು ಬೇರೆ.

ಚಿಕ್ಕಮ್ಮ ಹೆಪ್ಸಿಬಾಳ ನಾಲಿಗೆ ನಿಮಗೆ ಗೊತ್ತೇ ಇದೆ. ‘ನಿನ್ ಗಂಡ ಊಟಕ್ಕೆ ಕೂತಾಗ ರಾಜನಿಗೂ ಒಂದು ತಟ್ಟೆ ಇಡ್ತಾನೇನೇ?’ ಎನ್ನುತ್ತಾಳೆ. ನಾನೀಗ ಇರುವುದು ಅವಳ ಮನೆಯಲ್ಲೇ; ಅಡುಗೆಮನೆಯ ಕಿಟಕಿಯಿಂದ ಈ ದಡಕ್ಕೂ ದ್ವೀಪಕ್ಕೂ ನಡುವಿನ ನೀರೆಲ್ಲ ಕಾಣುತ್ತದೆ. ಪ್ರತಿ ಗುರುವಾರ ನಿಮ್ಮ ದೋಣಿ ಬ್ರಿಟಿಷರ ಹಡಗಿನ ಕಡೆಗೆ ಹೋಗುತ್ತದೆ, ಹಾಯಿಯ ಮೇಲೆ ನನ್ನ ಲಂಗದ ನೀಲಿ ತೇಪೆ ಹೊತ್ತುಕೊಂಡು. ಮದುವೆಯ ವರ್ಷ ಬಿರುಗಾಳಿಗೆ ಹಾಯಿ ಹರಿದಾಗ ನಾನೇ ಹೊಲಿದದ್ದು. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಿನ್ನೆ ಕ್ಯಾಪ್ಟನ್ ಸ್ಟೆಟ್ಸನ್ ಬಂದಿದ್ದರು. ಶತ್ರುವಿನ ಹಡಗು ಹಿಡಿಯಲು ನಮ್ಮ ಸರ್ಕಾರದಿಂದ ಪರವಾನಗಿ ಪಡೆದವರು. ಬ್ರಿಟಿಷರಿಗೆ ಮಾಂಸ ಸಾಗಿಸುವವರನ್ನೂ ಹಿಡಿದು ಸೆರೆಮನೆಗೆ ತಳ್ಳುತ್ತಾರೆ. ‘ಅದ್ಯಾವ ದೋಣಿ, ನಿಮಗೇನಾದ್ರೂ ಗೊತ್ತೇನಮ್ಮಾ?’ ಎಂದು ಕೇಳಿದರು. ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ. ತಲೆ ಎತ್ತಲಿಲ್ಲ.

ನಾನು ಬರುವುದಿಲ್ಲ. ಮನೆ ವಶಪಡಿಸಿಕೊಂಡು ಅಪ್ಪನ ಕುರ್ಚಿಯಲ್ಲಿ ಕೂರುವ ಬ್ರಿಟಿಷ್ ಅಧಿಕಾರಿಗೆ ಅದರ ಹಿಂದಿನ ಕಾಲು ಸಡಿಲವಿದೆ ಎಂದು ತಿಳಿಸಿ. ತಿಳಿಸದಿದ್ದರೂ ಸರಿ.

ಯಾವ ರಾಜನಿಗೂ ಸೇರದ
ಕೆಜಿಯಾ

ಮರೆತ ಮಾತು: ತಲೆ ಎತ್ತಲಿಲ್ಲ ನಿಜ, ಬಾಯಿ ಮಾತ್ರ ತೆರೆದೆ. ನೀಲಿ ತೇಪೆ ಇರುವ ದೋಣಿ ಎಂದುಬಿಟ್ಟೆ. ಈ ಗುರುವಾರ ಅವರು ಬಂಡೆಯ ಮರೆಯಲ್ಲಿ ಕಾಯುತ್ತಾರೆ. ಹಾಯಿ ಇಳಿಸಿ, ಮನೆಯಲ್ಲೇ ಇರಿ. ನೀವು ಸೆರೆ ಹೋಗಲೇಬೇಕಾದರೆ ಬೇರೆ ಯಾರ ಹೊಲಿಗೆಯಿಂದಾದರೂ ಹೋಗಿ.