ಉಪದೇಶಕ್ಕೆ ಕತ್ತರಿ

ಪ್ರೀತಿಯ ಅಪ್ಪನಿಗೆ,

ಬೈಯುವುದಿದ್ದರೆ ಪತ್ರ ಪೂರ್ತಿ ಓದಿ ಬೈಯಿರಿ. ನಮ್ಮ ಭಕ್ತಿ ಸಿನಿಮಾದ ಮದುವೆ ದೃಶ್ಯದಲ್ಲಿ ಗುರುಗಳಾಗಿ ನೀವು ಮಾಡಿದ ಉದ್ದದ ಉಪದೇಶಕ್ಕೆ ಎಡಿಟಿಂಗ್‌ನಲ್ಲಿ ಕತ್ತರಿ ಹಾಕಿದೆ. "ಅದನ್ನೇ ಕಿತ್ತರೆ ಭಕ್ತಿ ಎಲ್ಲಿ ಉಳೀತಮ್ಮಾ? ಬರೀ ಪ್ರೇಮಕಥೆ ಆಯ್ತು" ಎಂದು ನಿರ್ಮಾಪಕರು ಕೂಗಾಡಿದರು.

ಆದರೆ ನೀವು ನಡುವೆ ಮಾತು ಮರೆತು, ಕ್ಯಾಮೆರಾ ಪಕ್ಕ ಕೂತಿದ್ದ ಅಮ್ಮನತ್ತ ನೋಡಿದಿರಲ್ಲ, ಪ್ರತಿ ವಾರ ನಿಮ್ಮ ಪ್ರವಚನದಲ್ಲಿ ನೋಡುವ ಹಾಗೇ? ಅವಳು ತುಟಿಯಲ್ಲೇ ಹೇಳಿಕೊಟ್ಟಳು, ನಿಮ್ಮ ಮುಖ ಅರಳಿತು. ಅಷ್ಟನ್ನು ಮಾತ್ರ ಉಳಿಸಿ ನಿರ್ಮಾಪಕರಿಗೆ ತೋರಿಸಿದೆ. "ಇನ್ನೊಂದ್ಸಲ ಹಾಕಮ್ಮ" ಅಂದರು. ಗೆದ್ದೆ ಅಪ್ಪ.

ಶುಕ್ರವಾರ ಬಿಡುಗಡೆ. ಅಮ್ಮನಿಗೆ ಏನೂ ಹೇಳದೆ ಕರೆತಂದು ಪಕ್ಕದಲ್ಲೇ ಕೂರಿಸಿಕೊಳ್ಳಿ. ಅವಳಿಗೆ ಮಾತು ಹೊರಡದಿದ್ದರೆ ಈ ಸಲ ನೀವು ಹೇಳಿಕೊಡಿ.

ನಿಮ್ಮ ಉಪದೇಶ ಎಂದೂ ಕೇಳದ ಮಗಳು