ವಿಜಯಪುರದಲ್ಲಿ ಖಾನಾವಳಿ ಹುಡುಕಿದ್ದು

ಮರುವೈಶಾಖ ೩೪, ಶಕೆ ೨೧೪೧
ರಾಯಚೂರಿನ ತಂಗುಮನೆಯಿಂದ

ಕೆಲಸದ ಮೇಲೆ ಊರೂರು ತಿರುಗುವ ಹಿರಿಯರೇ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗಲಾರದು. ವೈಶಾಖ ಮುಗಿದರೂ ಬಿಸಿಲು ಮುಗಿಯದ ಕಾರಣ ನಮ್ಮ ಅಜ್ಜಂದಿರು ಪಂಚಾಂಗಕ್ಕೆ ಇನ್ನೊಂದು ತಿಂಗಳು ಸೇರಿಸಿದರು. ಮಳೆ ಬರುವವರೆಗೆ ಅದರ ದಿನಗಳನ್ನು ಎಣಿಸುತ್ತಲೇ ಹೋಗುತ್ತೇವೆ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡ ನಾನು ಶಾಲೆಯಲ್ಲಿ ಕಲಿತದ್ದು. ಅದರಲ್ಲಿ ಕೂತು ಉಂಡು ಜಗಳಾಡಿ ಬೆಳೆದವಳಲ್ಲ. ಎಲ್ಲಾದರೂ ತಪ್ಪಿದರೆ ಅರ್ಥ ಮಾಡಿಕೊಂಡು ಮುಂದೆ ಹೋಗಿ.

ನನ್ನ ಹೆಸರು ಮಂದಾಕಿನಿ ಯಲಿಗಾರ. ಹುಬ್ಬಳ್ಳಿಯ ನೆರಳುಪಟದ ಕಂಪನಿಯೊಂದರಲ್ಲಿ ಕೆಲಸ. ನೆರಳುಪಟವೆಂದರೆ ಬೀದಿಯ ಈ ಕಡೆಯ ಮಾಳಿಗೆಯಿಂದ ಆ ಕಡೆಯ ಮಾಳಿಗೆಗೆ ಹಡಗಿನ ಹಾಯಿಯಂತೆ ಬಿಗಿದು ಕಟ್ಟುವ ಬಟ್ಟೆ. ಅದಿಲ್ಲದ ಬೀದಿಯಲ್ಲಿ ಅಂಗಡಿ ತೆರೆಯುವುದಿಲ್ಲ, ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಯಾವುದಾದರೂ ಊರಿಗೆ ಹೊಸ ಪಟ ಬೇಕಾದಾಗ ನಾವಿಬ್ಬರು ಹೋಗಿ, ಅಳತೆ ಮಾಡಿ, ಒಂದು ಬೀದಿಗೆ ಕಟ್ಟಿ ತೋರಿಸಿ, ಊರಸಭೆಯ ಒಪ್ಪಿಗೆ ಪಡೆದು ಬರಬೇಕು. ಇಬ್ಬರು ಎಂದೆನಲ್ಲ, ಇನ್ನೊಬ್ಬರು ಈರಬಸಪ್ಪ ಹೊಸಕೇರಿ. ವಯಸ್ಸಿನಲ್ಲಿ ನನ್ನ ತಂದೆಗಿಂತ ಹಿರಿಯರು. ಬಟ್ಟೆಯ ಅಂಚನ್ನು ಬೆರಳಿನಲ್ಲಿ ಒಮ್ಮೆ ಎಳೆದರೆ ಅದು ಯಾವ ಗಾಳಿಗೆ ಹರಿಯುತ್ತದೆ ಎಂದು ಹೇಳಬಲ್ಲವರು.

ಆದರೆ ಅವರ ಜೊತೆ ಪ್ರಯಾಣ ಮಾಡುವುದೆಂದರೆ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ಯಾವ ಊರಿಗೆ ಹೋದರೂ ಅವರು ತಂಗುಮನೆಯ ಬಾಗಿಲು ದಾಟುತ್ತಿರಲಿಲ್ಲ. ತಂಗುಮನೆ ನೆಲದ ಕೆಳಗಿರುತ್ತದೆ. ಎಲ್ಲ ಊರಿನಲ್ಲೂ ಒಂದೇ ಅಳತೆಯ ಕೋಣೆ, ಒಂದೇ ಬಣ್ಣದ ಹಾಸಿಗೆ. ಊಟಕ್ಕೆ ಸಮಾನ್ನ. ನಮ್ಮ ನಮ್ಮ ರಕ್ತಕ್ಕೆ ಒಗ್ಗುವಂತೆ ಕಲಸಿ ಬಟ್ಟಲಿನಲ್ಲಿ ಕೊಡುವ ಬೂದುಬಣ್ಣದ ಗಂಜಿ ಅದು. ಹೊಟ್ಟೆ ಕೆಡುವುದಿಲ್ಲ, ನಾಲಿಗೆಗೆ ಏನೂ ತಿಳಿಯುವುದಿಲ್ಲ. ಹೊಸಕೇರಿ ಸರ್ ಅದನ್ನೇ ಉಂಡು, ಬೂಟು ಒರೆಸಿ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ನಾನೋ, ಕೂತಲ್ಲಿ ಕೂರಲಾರದವಳು. ಕಾಲು ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿರುತ್ತದೆ. ಒಂದು ಊರಿಗೆ ಬಂದ ಮೇಲೆ ಅಲ್ಲಿಯ ಜನ ಏನು ತಿನ್ನುತ್ತಾರೆ, ಎಲ್ಲಿ ನಿಂತು ಹರಟೆ ಹೊಡೆಯುತ್ತಾರೆ, ಏನನ್ನು ನೋಡಿ ನಮ್ಮದು ಎಂದುಕೊಳ್ಳುತ್ತಾರೆ ಎಂದು ತಿಳಿಯದೆ ವಾಪಸು ಹೊರಟರೆ ಏನೋ ಮರೆತು ಬಂದ ಹಾಗೆ ದಾರಿಯುದ್ದಕ್ಕೂ ಚಡಪಡಿಸುತ್ತೇನೆ.

ಆಚೆ ವರ್ಷ ಫಾಲ್ಗುಣದಲ್ಲಿ ನಮ್ಮನ್ನು ವಿಜಯಪುರಕ್ಕೆ ಕಳಿಸಿದರು. ಇಳಿದ ದಿನವೇ ಗಾಳಿ ಎದ್ದಿತು. ಅಂಥ ಗಾಳಿಯಲ್ಲಿ ಪಟ ಕಟ್ಟುವಂತಿಲ್ಲ. ಗಾಳಿ ತಗ್ಗಿದಾಗ ನೋಡೋಣ, ಅಲ್ಲಿಯವರೆಗೆ ಆರಾಮವಾಗಿರಿ ಎಂದು ಊರಸಭೆಯವರು ಹೇಳಿ ಕಳಿಸಿದರು. ಆರಾಮ ಎಂಬ ಮಾತು ಕೇಳಿದ್ದೇ ನನಗೆ ಕೋಣೆಯ ಗೋಡೆಗಳು ಹತ್ತಿರ ಸರಿದಂತಾಯಿತು.

ಮರುದಿನ ಹೊರಹೊತ್ತಿಗೇ ಎದ್ದು ಹೊರಟೆ. ಬೆಳಕು ಹರಿದಾಗಿನಿಂದ ಬಿಸಿಲುಕೊಂಬು ಕೂಗುವವರೆಗಿನ ಸಮಯಕ್ಕೆ ಹೊರಹೊತ್ತು ಎನ್ನುತ್ತೇವೆ. ಕೊಂಬು ಕೂಗಿತೆಂದರೆ ಸಂಜೆಯವರೆಗೆ ಯಾರೂ ಬಯಲಿನಲ್ಲಿ ಇರಕೂಡದು. ದಾರಿ ಹೇಳಲು ಕಿವಿಯಾಳು ಇತ್ತು. ಅದು ಕಿವಿಯೊಳಗೆ ಕೂರುವ ರಾಗಿಕಾಳಿನಷ್ಟು ಚಿಕ್ಕ ಯಂತ್ರ. ಕೇಳಿದ್ದಕ್ಕೆಲ್ಲ ಪಿಸುಗುಟ್ಟಿ ಉತ್ತರಿಸುತ್ತದೆ. ಈ ಊರಿನಲ್ಲಿ ನೋಡುವಂಥದ್ದು ಏನಿದೆ ಎಂದೆ. ಗುಮ್ಮಟಕ್ಕೆ ಕರೆದೊಯ್ದಿತು. ಅಲ್ಲಿ ನನ್ನ ಹಾಗೆ ಕೆಲಸಕ್ಕೆ ಬಂದವರು ಸಾಲಾಗಿ ನಿಂತಿದ್ದರು. ನೆಲದ ಮೇಲೆ ಪಾದದ ಗುರುತು ಬರೆದಿತ್ತು. ಒಬ್ಬರ ಹಿಂದೆ ಒಬ್ಬರು ಅದರ ಮೇಲೆ ನಿಂತು, ಕತ್ತೆತ್ತಿ ನೋಡಿ, ಸರಿದೆವು. ಇಲ್ಲಿಯ ಊಟ ಎಲ್ಲಿ ಸಿಗುತ್ತದೆ ಎಂದೆ. ಅದು ಕರೆದೊಯ್ದ ಅಂಗಡಿಯಲ್ಲಿ ನನ್ನ ಮುಂದೆ ಬಂದದ್ದು ಹುಬ್ಬಳ್ಳಿಯ ಗಿರಮಿಟ್ಟು. ನನಗೆ ಇಷ್ಟವೆಂದು ಅದಕ್ಕೆ ಗೊತ್ತಿತ್ತು. ಕೋಪದಿಂದ ಅರ್ಧಕ್ಕೇ ಬಿಟ್ಟೆದ್ದೆ.

ಹೊರಗೆ ಒಬ್ಬ ಮುದುಕಿ ಬೀದಿಯ ಮರಳು ಗುಡಿಸುತ್ತಿದ್ದಳು. ನೀವು ಎಲ್ಲಿ ಉಣ್ಣುತ್ತೀರಿ ಎಂದು ಅವಳನ್ನು ಕೇಳಿದೆ.

"ನಾವಾ? ನಮ್ಮದು ಬ್ಯಾರೆ, ನಿಮ್ಮದು ಬ್ಯಾರೆ," ಎಂದಳು ಪೊರಕೆ ನಿಲ್ಲಿಸದೆ. "ನಿನ್ನ ಕಿವ್ಯಾಗ ಕುಂತೈತಲ್ಲ, ಅದಕ್ಕ ನಮ್ಮ ಖಾನಾವಳಿ ಗೊತ್ತಿಲ್ಲವ್ವ. ಗೊತ್ತಾದ್ರ ಹಿಂಡು ಹಿಂಡಾಗಿ ಬರ್ತೀರಿ."

"ಒಬ್ಬಾಕಿನ ಬರ್ತೀನ್ರಿ. ಎಲ್ಲೈತಿ ಅಂತ ಹೇಳ್ರಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೊಟ್ಟಿ ಬಡಿಯೂ ಸಪ್ಪಳ ಬರ್ತೈತಿ. ಅದನ್ನ ಕೇಳ್ಕೋತ ಹೋಗು," ಎಂದು ಪಡುವಲ ಕಡೆ ಕೈ ತೋರಿಸಿದಳು.

ಹೋದೆ. ಗಾಳಿ ಆ ಸಪ್ಪಳವನ್ನು ಒಮ್ಮೆ ಎಡಗಡೆಯಿಂದ ತರುತ್ತಿತ್ತು, ಒಮ್ಮೆ ಬೆನ್ನ ಹಿಂದಿನಿಂದ. ಕಿವಿಯಾಳು ಇದು ಸೂಚಿಸಿದ ದಾರಿಯಲ್ಲ, ಇದು ಸೂಚಿಸಿದ ದಾರಿಯಲ್ಲ ಎಂದು ಗೋಳಿಡುತ್ತಿತ್ತು. ಗಲ್ಲಿಯಿಂದ ಗಲ್ಲಿಗೆ ಸುತ್ತಿದೆ. ಕೊಂಬು ಕೂಗಿತು. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಓಡುತ್ತಾ ತಂಗುಮನೆ ಸೇರಿದೆ.

ಆ ಮಧ್ಯಾಹ್ನವೆಲ್ಲ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಕೊನೆಗೆ ಹೊಸಕೇರಿ ಸರ್ ಗೋಡೆಯಿಂದ ಈ ಕಡೆ ಹೊರಳಿದರು.

"ಏನ ಕಳಕೊಂಡೀ ತಂಗಿ?"

"ಖಾನಾವಳಿ ಸಿಗವಲ್ದರಿ ಸರ. ನಾಳೆ ನೀವೂ ಬರ್ರಿ. ನನಗಿಂತ ನಿಮ್ಮ ಕಿವಿ ಚುರುಕ ಅದಾವು."

"ನಾವು ಕೆಲಸಕ್ಕ ಬಂದೀವಿ. ಊರು ನೋಡಾಕಲ್ಲ."

"ಕೆಲಸ ಎಲ್ಲೈತ್ರಿ? ಗಾಳಿ ನಿಂತಿಲ್ಲ. ಹಿಂಗ ಬಿದ್ಕೊಂಡ್ರ ನಾ ಹುಚ್ಚಿ ಆಗ್ತೀನ್ರಿ."

ನನ್ನ ದನಿಯಲ್ಲಿ ಏನಿತ್ತೋ, ಅವರು ಎದ್ದು ಕೂತು, "ಬೆಳಗಾಗಲಿ," ಎಂದರು.

ಬೆಳಗ್ಗೆ ಇಬ್ಬರೂ ಹೊರಟೆವು. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಾರಾಕಮಾನಿನ ಪಕ್ಕದಿಂದ ಹಾದೆವು. ಚಾವಣಿಯಿಲ್ಲದೆ ನಿಂತ ಆ ಕಮಾನುಗಳ ನಡುವೆ ಊರಿನ ಹುಡುಗಿಯರು ಗಾಳಿಗೆ ಎದುರಾಗಿ ಓಡುವ ಪಂದ್ಯ ಆಡುತ್ತಿದ್ದರು. ಸರ್ ಅಲ್ಲಿ ಒಂದು ಗಳಿಗೆ ನಿಂತರು; ನಾನು ಎಳೆದೊಯ್ದೆ. ಮುಂದೆ ಒಂದು ತಿರುವಿನಲ್ಲಿ ಅವರೇ ಕೈ ಎತ್ತಿ ನನ್ನನ್ನು ತಡೆದರು. "ಅಲ್ಲಿ ಕೇಳು," ಎಂದರು. ನನಗೆ ಗಾಳಿಯ ಹೊರತು ಏನೂ ಕೇಳಿಸಲಿಲ್ಲ. ಅವರು ಮಾತ್ರ ದಾಪುಗಾಲು ಹಾಕಿದರು. ಅಷ್ಟು ವೇಗವಾಗಿ ಅವರು ನಡೆದದ್ದನ್ನು ನಾನು ಕಂಡಿರಲೇ ಇಲ್ಲ. ಹಾಗೆ ಹೋಗುತ್ತಿರುವಾಗಲೇ ಕೊಂಬು ಕೂಗಿತು. ತಿರುಗಿ ಹೋಗೋಣವೆಂದರೆ ತಂಗುಮನೆ ದೂರ, ಖಾನಾವಳಿ ಎಷ್ಟು ಹತ್ತಿರವೋ ತಿಳಿಯದು. ನಮ್ಮ ತಲೆಯ ಮೇಲೆ ಪಟವಿಲ್ಲ. ತಾಜ್ ಬಾವಡಿ ಎಂಬ ಹಳೆಯ ಬಾವಿಯ ದೊಡ್ಡ ಕಮಾನು ಎದುರಿಗೆ ಕಂಡಿತು ಎನ್ನುವಷ್ಟರಲ್ಲಿ ಸರ್ ನನ್ನ ಭುಜ ಹಿಡಿದರು. ಹಿಡಿತ ಸಡಿಲವಾಯಿತು. ಮಂಡಿಯೂರಿ ನೆಲಕ್ಕೆ ಕುಸಿದರು. ಮುಖ ಮುಟ್ಟಿದರೆ ಕಾದ ಹೆಂಚು. ಬೆವರಿಲ್ಲ.

ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದೆ, ಆಗಲಿಲ್ಲ. ಯಾರಿದ್ದೀರಿ ಎಂದು ಕೂಗಿದೆ. ಗಾಳಿ ಆ ಕೂಗನ್ನು ಎತ್ತಿಕೊಂಡು ಹೋಯಿತು. ಮತ್ತೆ ಕೂಗಿದೆ. ಕಮಾನಿನ ಒಳಗಿನಿಂದ ಒಬ್ಬ ಹೆಂಗಸು ಒದ್ದೆ ಗೋಣಿತಾಟು ಹೊದ್ದು ಓಡಿಬಂದಳು. ಕೈಯೆಲ್ಲ ಜೋಳದ ಹಿಟ್ಟು. ಏನೂ ಕೇಳದೆ ಆ ಗೋಣಿಯನ್ನು ಸರ್ ಮೇಲೆ ಎಸೆದು, ಅವರ ಕಾಲು ಹಿಡಿದಳು. ನಾನು ತೋಳು ಹಿಡಿದೆ. ಬಾವಿಯ ಪಕ್ಕದ ಸಾಲುಕಮಾನಿನ ಒಂದು ಕೋಣೆಗೆ ಎತ್ತಿ ತಂದು ಮಲಗಿಸಿದೆವು. ಅವಳು ಕೊಡ ಕೊಡ ನೀರು ತಂದು ಸುರಿದಳು, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟಳು.

"ಬಿಸಲಂದ್ರ ಆಟ ಅಂತ ತಿಳದೀರೇನು?" ಎಂದು ಆಮೇಲೆ ನನ್ನನ್ನು ಬೈದಳು. "ಇಷ್ಟು ವಯಸ್ಸಾದೋರನ್ನ ಹಿಂಗ ಎಳಕೊಂಡು ಬರ್ತಾರ? ಎಲ್ಲಿಗಿ ಹೊಂಟಿದ್ರಿ?"

"ಖಾನಾವಳಿ ಹುಡುಕ್ಕೋತ ಬಂದಿದ್ವಿರಿ."

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. "ಇದ ಖಾನಾವಳಿ," ಎಂದಳು.

ಅವಳ ಹೆಸರು ಶಾವಂತ್ರವ್ವ. ಬಾವಡಿಯ ನೀರಿನ ತಂಪಿನಲ್ಲಿ ಖಾನಾವಳಿ ನಡೆಸುತ್ತಿದ್ದವಳು ಅವಳೇ. ಸರ್ ಕಣ್ಣು ತೆರೆಯುವವರೆಗೆ ನಾನು ಕೋಣೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕೋಣೆಗೆ ತಿರುಗುತ್ತಲೇ ಇದ್ದೆ. ತೆರೆದ ಮೇಲೆ ಅವಳು ಉಪ್ಪು ಹಾಕಿದ ಅಂಬಲಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹೊತ್ತು ಇಳಿಯುವವರೆಗೆ ನಾವು ಹೊರಬೀಳುವಂತಿರಲಿಲ್ಲ. ಊರಿನ ಜನ ಮಾತ್ರ ನೆಲದಡಿಯ ಒಳದಾರಿಗಳಿಂದ ಬಂದು ಸಾಲಾಗಿ ಕೂತರು. ಬಿಸಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂತು. ನನ್ನ ಕಣ್ಣಲ್ಲಿ ಖಾರಕ್ಕೂ ನೀರು, ಸಮಾಧಾನಕ್ಕೂ ನೀರು. ಸರ್ ಗೋಡೆಗೆ ಒರಗಿ ಕೂತು, ಚೂರು ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದಿ ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಅಗಿದರು.

"ಸಾಕಾತ್ರಿ, ಇವತ್ತ ಹಗೂರ ಉಣ್ಣಬೇಕು," ಎಂದು ಶಾವಂತ್ರವ್ವ ತಾಟು ಎಳೆದುಕೊಳ್ಳಲು ಬಂದರೆ ಅವರು ತಾಟಿನ ಅಂಚು ಬಿಡಲಿಲ್ಲ.

ಆ ದಿನ ಅವರು ಆಡಿದಷ್ಟು ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅವರ ಚಿಕ್ಕಂದಿನಲ್ಲಿ ನೀರು ಬತ್ತಿದ ಊರುಗಳಿಂದ ಜನರನ್ನು ಎಬ್ಬಿಸಿ ಬೇರೆಡೆಗೆ ಕಳಿಸುತ್ತಿದ್ದರಂತೆ. ಒಂದೊಂದು ವರ್ಷ ಒಂದೊಂದು ಊರು. ಗೆಳೆಯರಾಗುತ್ತಿದ್ದರು, ಗಲ್ಲಿ ಪರಿಚಯವಾಗುತ್ತಿತ್ತು, ಅಷ್ಟರಲ್ಲಿ ಬಂಡಿ ಬಂದು ನಿಲ್ಲುತ್ತಿತ್ತು.

"ಒಂದು ಊರು ನೋಡಿದ್ರ ನನಗ ಬಿಟ್ಟು ಬರಾಕ ಆಗೂದಿಲ್ಲ ತಂಗಿ," ಎಂದರು ನನ್ನ ಕಡೆ ತಿರುಗಿ. "ಅದಕ್ಕ ನೋಡೂದ ಇಲ್ಲ."

ನಾನು ಅವರನ್ನು ಸೋಮಾರಿ ಎಂದುಕೊಂಡಿದ್ದೆ, ಅರಸಿಕ ಎಂದುಕೊಂಡಿದ್ದೆ. ಎದ್ದು ಬಾವಿಯ ಸುತ್ತ ಅಡ್ಡಾಡಿದೆ. ಶಾವಂತ್ರವ್ವ ಇನ್ನೊಂದು ರೊಟ್ಟಿಗೆ ಹಿಟ್ಟು ನಾದತೊಡಗಿದಳು.

ಗಾಳಿ ತಗ್ಗುವವರೆಗೆ ನಾವು ದಿನವೂ ಅಲ್ಲಿಗೇ ಹೋದೆವು. ಆಮೇಲೆ ಪಟ ಕಟ್ಟಿ ತೋರಿಸಿದೆವು. ಊರಸಭೆ ಒಪ್ಪಿತು. ಅದೇ ಸಂಜೆ ಹುಬ್ಬಳ್ಳಿಗೆ ಬಂಡಿ. ಸ್ಟೇಷನ್ನಿನಲ್ಲಿ ಎಷ್ಟು ಕಾದರೂ ಹೊಸಕೇರಿ ಸರ್ ಬರಲಿಲ್ಲ. ಎಲ್ಲಿರುತ್ತಾರೆಂದು ನನಗೆ ಗೊತ್ತಿತ್ತು. ಓಡಿದೆ. ಅವರು ಖಾನಾವಳಿಯ ಒಲೆಯ ಮುಂದೆ, ಅಂಗಿಯ ತೋಳು ಮಡಚಿ, ಹಿಟ್ಟು ಬಡಿಯುತ್ತಾ ಕೂತಿದ್ದರು.

"ಸರ, ಬಂಡಿ ಹೋಗ್ತೈತ್ರಿ."

"ಹೋಗಿ ಬಾ ತಂಗಿ."

"ಅಂದ್ರ? ಕಂಪನಿಯೋರಿಗೆ ನಾ ಏನಂತ ಹೇಳ್ಲಿ?"

ಅವರು ತಲೆ ಎತ್ತಲಿಲ್ಲ. "ಹೊಸಕೇರಿ ಊರು ನೋಡಾಕ ಹೋಗ್ಯಾನ ಅಂತ ಹೇಳು."

"ಇವರು ಇರ್ತೀನಿ ಅಂದಾರ, ನಾ ಇನ್ನೂ ಹೂಂ ಅಂದಿಲ್ಲ ನೋಡವ್ವ," ಎಂದಳು ಶಾವಂತ್ರವ್ವ ಒಲೆಗೆ ಉರುವಲು ದೂಡುತ್ತಾ. "ಮೊದಲ ಒಂದು ರೊಟ್ಟಿ ಹರೀದಂಗ ಬಡದು ತೋರಿಸಲಿ."

ಅಷ್ಟರಲ್ಲೇ ಅವರ ಕೈಯ ರೊಟ್ಟಿ ನಡುವೆ ಹರಿಯಿತು. ಅವರು ನಕ್ಕರು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಜಗಳವಾಡಬೇಕೆನಿಸಿತು. ಇಬ್ಬರಾಗಿ ಬಂದವರು ಇಬ್ಬರಾಗಿ ಹೋಗಬೇಕಲ್ಲವೇ? ಅವರ ಕಾಲು ಮುಟ್ಟಿ ನಮಸ್ಕರಿಸಿ ಬಂಡಿ ಹತ್ತಿದೆ. ಎದುರಿನ ಖಾಲಿ ಸೀಟನ್ನು ನೋಡಲಾಗದೆ ಹುಬ್ಬಳ್ಳಿಯವರೆಗೆ ಬಾಗಿಲ ಬಳಿ ನಿಂತೇ ಬಂದೆ.

ಕಳೆದ ಮಾಗಿಯಲ್ಲಿ ಪಟದ ಗಂಟುಗಳನ್ನು ಪರೀಕ್ಷಿಸಲು ಮತ್ತೆ ವಿಜಯಪುರಕ್ಕೆ ಹೋಗಿದ್ದೆ. ಸರ್ ಸ್ವಲ್ಪ ತೆಳ್ಳಗಾಗಿದ್ದಾರೆ. ಮುಂಗೈ ಮೇಲೆ ಸುಟ್ಟ ಗುರುತುಗಳಿವೆ. ಬೀದಿಯಲ್ಲಿ ಹೊರಟರೆ ಹೆಜ್ಜೆಗೊಬ್ಬರು ತಡೆದು ಮಾತಾಡಿಸುತ್ತಾರೆ. ಅವರೇ ನನ್ನನ್ನು ಕರೆದುಕೊಂಡು ಹೋಗಿ ಊರು ತೋರಿಸಿದರು: ನೆರಳಿನಲ್ಲಿ ದ್ರಾಕ್ಷಿ ಒಣಗಿಸುವ ಮನೆ, ಕೋಟೆಗೋಡೆಯ ಬಿರುಕಿನಲ್ಲಿ ಗಿಳಿಗಳು ಗೂಡು ಕಟ್ಟಿದ ಜಾಗ, ಸಂಜೆ ಹೆಂಗಸರು ಕೂತು ಹಾಡುವ ಕಟ್ಟೆ. ಅರ್ಧ ದಿನ ನನಗೆ ಬಹಳ ಸುಖವಾಗಿತ್ತು. ಆಮೇಲೆ ಕಾಲು ಅಲ್ಲಾಡತೊಡಗಿತು. ಅವರು ಅದನ್ನು ನೋಡಿದರು. ಶಾವಂತ್ರವ್ವನಿಗೆ, "ಈಕಿಗಿ ಬುತ್ತಿ ಕಟ್ಟು, ಈಕಿ ನಿಲ್ಲಾಕಿ ಅಲ್ಲ," ಎಂದರು. ಆ ಮಾತಿನಲ್ಲಿ ಬೇಸರವಿರಲಿಲ್ಲ.

ಈಗ ರಾಯಚೂರಿನಲ್ಲಿದ್ದೇನೆ. ಇಲ್ಲಿಯ ಜನ ಎಲ್ಲಿ ಉಣ್ಣುತ್ತಾರೆಂದು ಇನ್ನೂ ಪತ್ತೆಯಾಗಿಲ್ಲ. ಹೊರಗೆ ಕೊಂಬು ಕೂಗಿ ಬಹಳ ಹೊತ್ತಾಯಿತು. ನನ್ನ ಕೋಣೆಯ ಮೇಲೆ, ಮಣ್ಣಿನ ಆಚೆ, ಒಂದು ಬೀದಿ ಖಾಲಿ ಬಿದ್ದಿದೆ. ಅದನ್ನು ನೋಡಬೇಕೆಂಬ ಆಸೆ, ನೋಡುವಂತಿಲ್ಲ. ನಾನು ಹುಟ್ಟಿದಾಗಿನಿಂದ ಯಾವ ಊರಿನ ಮಧ್ಯಾಹ್ನವನ್ನೂ ಕಂಡವಳಲ್ಲ. ನಿಮ್ಮ ಕಾಲದಲ್ಲಿ ಆ ಹೊತ್ತಿಗೂ ಅಂಗಡಿಗಳು ತೆರೆದಿರುತ್ತಿದ್ದವಂತೆ, ಜನ ಬೇವಿನ ಮರದ ಕೆಳಗೆ ನಿಂತು ಕಬ್ಬಿನಹಾಲು ಕುಡಿಯುತ್ತಿದ್ದರಂತೆ, ಹೋಟೆಲಿನ ಬಾಗಿಲಲ್ಲಿ ನಿಂತು ಒಳಗೆ ಜಾಗವಿದೆಯೇ ಎಂದು ಇಣುಕುತ್ತಿದ್ದರಂತೆ. ನೀವು ಪರ ಊರಿನ ಲಾಡ್ಜಿನ ಕೋಣೆಯಲ್ಲಿ, ಎರಡು ಮೀಟಿಂಗುಗಳ ನಡುವೆ, ಏನೂ ತೋಚದೆ ಮಲಗಿರುವಾಗ ಈ ಕಾಗದ ನಿಮಗೆ ಸಿಗಲಿ ಎಂದು ಬಯಸುತ್ತೇನೆ. ಸಿಕ್ಕರೆ ಒಂದು ಉಪಕಾರ ಮಾಡಿ. ಎದ್ದು ಚಪ್ಪಲಿ ಮೆಟ್ಟಿಕೊಳ್ಳಿ. ಗಡಿಯಾರ ಹನ್ನೆರಡು ಹೊಡೆಯುವ ಹೊತ್ತಿಗೆ ಯಾವುದಾದರೂ ಬೀದಿಯ ನಡುವೆ ನಿಂತು, ಬಲಕ್ಕೋ ಎಡಕ್ಕೋ, ಮನಸ್ಸು ಬಂದ ಕಡೆ ತಿರುಗಿ.

ನಿಮ್ಮ,
ಮಂದಾಕಿನಿ ಯಲಿಗಾರ